ಗಾಳಿ ತಡೆಯುವವನ ಹಿಂದೆ

ಇನ್ನೊಬ್ಬರ ಮನಸ್ಸಿನೊಳಗೆ ಹೊಕ್ಕು ಕತೆ ಹೇಳುವಷ್ಟು ಕಲಿತವಳಲ್ಲ ನಾನು. ಹಗಲೆಲ್ಲ ಮೀನು ಹಸನು ಮಾಡಿ, ಸಂಜೆಯ ಶಾಲೆಯಲ್ಲಿ ಅರ್ಧ ನಿದ್ದೆಗಣ್ಣಲ್ಲಿ ಕೇಳಿಸಿಕೊಂಡ ವಿದ್ಯೆ ನನ್ನದು. ಈಗ ಕೊಮಾತ್ಸುಶಿಮಾ ಎಂಬ ಬಂದರಿನ ಊರಿನಲ್ಲಿ ನಡೆಯಲಾಗದವರಿಗಾಗಿ ಇರುವ ಒಂದು ಕೆಲಸದ ಮನೆಯ ಗಾಡಿ ಓಡಿಸುತ್ತೇನೆ. ಬ್ರೇಕೇ ಇಲ್ಲದ ರೇಸಿನ ಸೈಕಲ್ಲನ್ನು ಒಮ್ಮೆಯೂ ಹತ್ತಿದವಳಲ್ಲ. ಅಂಥವಳು ಒರಿನೊ ಇಸಾವೊ ಎಂಬ ಸವಾರ ಒಂದು ಮಧ್ಯಾಹ್ನ ಏನೇನು ಅಂದುಕೊಂಡ ಎಂದು ಬರೆಯುವುದು ಉದ್ಧಟತನವೇ ಸರಿ. ಕೆಲವನ್ನು ಅವನೇ ಹೇಳಿದ್ದು, ಗಾಡಿಯಲ್ಲಿ ಕೂತಾಗ, ತುಂಡು ತುಂಡಾಗಿ. ಕೆಲವನ್ನು ಅವನ ಅಣ್ಣ ಹೇಳಿದ್ದು. ನಡುವೆ ಬಿಟ್ಟುಹೋದದ್ದನ್ನು ನಾನು ತುಂಬಿದ್ದೇನೆ, ತುಂಬುವಾಗಲೆಲ್ಲ ಕೈ ಹಿಂದೆಗೆದಿದೆ. ತಪ್ಪಿದ್ದರೆ ಕ್ಷಮಿಸಬೇಕು. ಸುಮ್ಮನಿದ್ದುಬಿಡಬಹುದಿತ್ತು, ಆದರೆ ಸುಮ್ಮನಿದ್ದರೆ ಉಂಡ ಮನೆಯ ಹೆಸರು ಹೇಳದೆ ಎದ್ದುಬಂದ ಹಾಗೆ ಆಗುತ್ತದೆ ಎಂಬ ಇನ್ನೊಂದು ಅಂಜಿಕೆ.

ಆ ಸಲದ ರೇಸುಗಳ ಕೊನೆಯ ದಿನದ ಬೆಳಿಗ್ಗೆ ಇಸಾವೊನಿಗೆ ಎಚ್ಚರವಾದಾಗ ಕೋಣೆಯಲ್ಲಿ ಉಳಿದವರು ಇನ್ನೂ ಮಲಗಿದ್ದರು. ರೇಸಿನ ಹಿಂದಿನ ದಿನ ಫೋನು ಒಪ್ಪಿಸಿ ಸವಾರರ ವಸತಿಗೆ ಬಂದರೆ, ಎಲ್ಲ ಮುಗಿಯುವ ತನಕ ಹೊರಗಿನವರ ದನಿ ಕೇಳುವ ಹಾಗಿಲ್ಲ. ಯಾರೂ ಯಾರಿಗೂ ಏನೂ ಹೇಳಿ ಕಳಿಸಬಾರದು, ಜನ ಹಣ ಕಟ್ಟುವ ಆಟ ಇದು. ಹೊರಗಿನ ಸದ್ದಿಲ್ಲದ ಆ ದಿನಗಳು ಮೊದಮೊದಲು ಅವನಿಗೆ ಜೈಲಿನ ಹಾಗೆ ಕಂಡಿದ್ದವು. ಈಗ ಹಾಸಿಗೆ ಮಡಿಸುತ್ತ, ನಾಳೆಯಿಂದ ಯಾರೂ ನನ್ನ ಫೋನು ಕಸಿದುಕೊಳ್ಳುವುದಿಲ್ಲವಲ್ಲ ಎಂದು ಅನ್ನಿಸಿ, ಮಡಿಸಿದ್ದನ್ನು ಬಿಡಿಸಿ ಮತ್ತೊಮ್ಮೆ ಮಡಿಸಿದ. ಇವತ್ತು ಮೊದಲನೆಯವನಾಗಿಯೋ ಎರಡನೆಯವನಾಗಿಯೋ ಬರಬೇಕು. ಅದಕ್ಕಿಂತ ಕೆಳಗೆ ಬಂದರೆ ಅಂಕಗಳ ಸರಾಸರಿ ಗೆರೆಯಿಂದ ಕೆಳಗಿಳಿಯುತ್ತದೆ, ಸವಾರರ ಪಟ್ಟಿಯಿಂದ ಹೆಸರು ಹೋಗುತ್ತದೆ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂಥದ್ದಲ್ಲ. ಕೆಳಗಿನಿಂದ ಹೊಸಬರು ಬರಬೇಕಾದರೆ ಹಳಬರು ಉದುರಬೇಕು, ತಾನು ಬಂದಾಗ ಯಾರೋ ಉದುರಿದ್ದರು. ಹೀಗೆಲ್ಲ ನ್ಯಾಯವಾಗಿ ಯೋಚಿಸಲು ಬರುತ್ತದಲ್ಲ ಎಂದು ಅವನಿಗೆ ತನ್ನ ಬಗ್ಗೆ ಸಣ್ಣ ಮೆಚ್ಚುಗೆ ಮೂಡಿತು. ಮರುಕ್ಷಣವೇ ಆ ಮೆಚ್ಚುಗೆ ಅಸಹ್ಯವೆನಿಸಿತು. ನ್ಯಾಯವಂತನಾಗಿದ್ದರೆ ಕಳೆದ ವರ್ಷವೇ ಬಿಡುತ್ತಿದ್ದೆ.

ತಿಂಡಿಯ ಮನೆಯಲ್ಲಿ ಎದುರಿಗೆ ಕೂತವನು ಕೋಚಿಯ ಕುಸುನೊಸೆ. ಒಂದೇ ದ್ವೀಪದ ಮೂವರಾದ್ದರಿಂದ ಇವತ್ತಿನ ಓಟದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಓಡುವ ಒಂದೇ ಸಾಲು: ಮುಂದೆ ಎಳೆಯ ಇನುಯಿ, ಅವನ ಹಿಂದೆ ಇಸಾವೊ, ಇಸಾವೊನ ಹಿಂದೆ ಕುಸುನೊಸೆ. ನಿನ್ನೆಯೇ ಪತ್ರಿಕೆಯವರು ಬಂದು ಯಾರ ಹಿಂದೆ ಯಾರು ಎಂದು ಕೇಳಿ ಬರೆದುಕೊಂಡು ಹೋಗಿದ್ದರು. "ಇನುಯಿಯ ಹಿಂದೆ" ಎಂದು ಇಸಾವೊ ಹೇಳಿದ್ದ. ಹೇಳಿದ್ದು ಅಚ್ಚಾಗುತ್ತದೆ, ಅಚ್ಚಾದದ್ದನ್ನು ನಂಬಿ ಜನ ಚೀಟಿ ಕೊಳ್ಳುತ್ತಾರೆ.

"ನಾಳೆಯಿಂದ ಏನ್ ಮಾಡ್ತೀಯೋ ಒರಿನೊ?" ಕುಸುನೊಸೆ ಮಿಸೊ ಸಾರು ಹೀರುತ್ತ ಕೇಳಿದ. "ತೋಫು ಹಂಚೋಕೂ ನಿನ್ನ ಯಾರೂ ಇಟ್ಕೊಳಲ್ಲ. ಅದಕ್ಕೆ ಬ್ರೇಕ್ ಇರೋ ಸೈಕಲ್ ಓಡಿಸೋಕೆ ಬರ್ಬೇಕು."

"ನೀನು ಮೊದ್ಲು ನನ್ನ ಹಿಂದೆ ಬಿಟ್ಟೋಗ್ದೆ ಬಾ. ಆಮೇಲೆ ನನ್ನ ಕೆಲ್ಸ ಹುಡುಕುವೆಯಂತೆ."

ಪಕ್ಕದಲ್ಲಿದ್ದವರು ನಕ್ಕರು, ಇಸಾವೊನೂ ನಕ್ಕ. ನಗು ಮುಗಿದ ಮೇಲೆ ಅನ್ನದ ಬಟ್ಟಲಿನ ತಳ ನೋಡುತ್ತ ಕೂತ. ಇವರೆಲ್ಲರಿಗೂ ಗೊತ್ತು. ಗೊತ್ತಿದ್ದೂ ಮೊದಲಿನಂತೆಯೇ ಗೇಲಿ ಮಾಡುತ್ತಿದ್ದಾರೆ. ಅದು ಕರುಣೆಯೇ ಇರಬೇಕು, ಆದರೆ ಕರುಣೆ ಎಂದು ಕಾಣದ ಹಾಗೆ ಮಾಡಿದ್ದಕ್ಕೆ ಅವನು ಏಳುವಾಗ ಕುಸುನೊಸೆಯ ಖಾಲಿ ಬಟ್ಟಲನ್ನೂ ತನ್ನದರ ಜೊತೆ ಎತ್ತಿಕೊಂಡ.

ಸೈಕಲ್ ತಪಾಸಣೆಗೆ ಸಾಲು ನಿಂತಾಗ ಇನುಯಿ ಹತ್ತಿರ ಬಂದು ತಲೆ ಬಾಗಿಸಿದ. ಹುಡುಗನ ತೊಡೆಗಳು ಅಂಗಡಿಯಲ್ಲಿ ಆಗಷ್ಟೇ ಇಳಿಸಿದ ಸರಕಿನ ಹಾಗೆ ಇದ್ದವು. "ಒರಿನೊ ಸಾನ್, ಇವತ್ತು ನಾನು ತೀರಾ ಬೇಗ ಹೊರಡಲ್ಲ. ನಿಮ್ಗೆ ಅನುಕೂಲ ಆಗೋ ಹಾಗೆ—"

"ಬಾಯಿ ಮುಚ್ಚು." ದನಿ ಅವನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಸುತ್ತ ನೋಡಿ ಮೆತ್ತಗೆ ಹೇಳಿದ: "ನನಗೋಸ್ಕರ ಓಡ್ತೀನಿ ಅಂತ ಇನ್ನೊಂದ್ಸಲ ಯಾರ ಹತ್ರಾನೂ ಅನ್ಬೇಡ. ನೀನು ಗೆಲ್ಲೋಕೆ ಓಡು. ನಾನು ಹಿಂದೆ ಇರ್ತೀನಿ. ಪತ್ರಿಕೇಲಿ ಇರೋದು ಅಷ್ಟೇ."

"ತಪ್ಪಾಯ್ತು. ನಿಮ್ಮಿಂದ ತುಂಬಾ ಕಲ್ತೆ, ಅದಕ್ಕೆ—"

"ಏನ್ ಕಲ್ತೆ? ಸೋಲೋದಾ? ಹೋಗು, ಚಕ್ರಕ್ಕೆ ಗಾಳಿ ನೋಡ್ಕೊ."

ಹುಡುಗ ಕೆಂಪಾಗಿ ಹೋದ. ಅವನ ಬೆನ್ನು ನೋಡುತ್ತಿದ್ದ ಹಾಗೆ ಇನ್ನೊಂದು ಬೆನ್ನು ನೆನಪಾಯಿತು. ಮಳೆಗಾಲದ ಬಸ್ಸಿನ ಮೆಟ್ಟಿಲು, ಅಮ್ಮನ ಬೆನ್ನ ಮೇಲೆ ಅಣ್ಣ ತಾಮೊತ್ಸು. ಹುಟ್ಟುವಾಗ ಉಸಿರು ಸಿಕ್ಕಿ ಕಾಲು ಬಾರದೆ ಹೋದ ಅಣ್ಣ ಅಮ್ಮನಿಗಿಂತ ಉದ್ದವಾಗಿದ್ದ. ಅವನ ಪಾದಗಳು ಅವಳ ಮಂಡಿಯ ಕೆಳಗೆ ಜೋಲಾಡುತ್ತಿದ್ದವು. ಬಸ್ಸಿನ ಚಾಲಕ ಗಡಿಯಾರ ನೋಡುತ್ತಿದ್ದ. ಹಿಂದಿನಿಂದ ಗಾಲಿಕುರ್ಚಿ ಮಡಿಸಿ ಹಿಡಿದು ಹತ್ತುತ್ತಿದ್ದ ಶಾಲೆಯ ಹುಡುಗ ಇಸಾವೊ, ಬಸ್ಸಿನಲ್ಲಿ ತನ್ನ ತರಗತಿಯವರು ಯಾರೂ ಇರದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಇದ್ದರು, ಯಾವತ್ತೂ ಯಾರಾದರೂ ಇರುತ್ತಿದ್ದರು. ಅವರ ಮುಂದೆ ಅವನು ಗಾಲಿಕುರ್ಚಿಯನ್ನು ತನ್ನದಲ್ಲವೆಂಬಂತೆ ಹಿಡಿದು ನಿಲ್ಲುತ್ತಿದ್ದ. ಆಮೇಲೆ ಒಂದು ವಸಂತದಲ್ಲಿ ಕೆಲಸದ ಮನೆಯ ಅಂಗಳಕ್ಕೆ ಬಿಳಿಯ ಗಾಡಿ ಬಂತು. ಹಿಂದಿನ ಬಾಗಿಲು ತೆರೆದು, ಹಲಗೆ ತಾನಾಗಿ ನೆಲಕ್ಕಿಳಿದು, ಗಾಲಿಕುರ್ಚಿಯ ಸಮೇತ ಮನುಷ್ಯನನ್ನು ಎತ್ತಿ ಒಳಗಿಡುತ್ತಿತ್ತು. ಊರಿನ ದೊಡ್ಡವರೊಬ್ಬರು ಬಂದು ಭಾಷಣ ಮಾಡಿದರು. ಎಲ್ಲರಿಗೂ ಧನ್ಯವಾದ ಹೇಳಿದರು, ಸಮಾಜಕ್ಕೆ, ಸಜ್ಜನರಿಗೆ, ಹವಾಮಾನಕ್ಕೂ. ಗಾಡಿಯ ಬಾಗಿಲ ಮೇಲೆ ಸಣ್ಣಗೆ ಬರೆದಿದ್ದ ಸಾಲಿನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಸೈಕಲ್ ರೇಸಿನಲ್ಲಿ ಜನ ಕಟ್ಟಿದ ಹಣದ ಒಂದು ಪಾಲಿನಿಂದ ಈ ಗಾಡಿ ಎಂದು ಅದರಲ್ಲಿತ್ತು. ಜೂಜಿನ ದುಡ್ಡು ಎಂದು ಬಾಯಿಬಿಟ್ಟು ಹೇಳಲು ಸಭೆಗೆ ಮುಜುಗರ. ಎಲ್ಲರೂ ಹೋದ ಮೇಲೆ ಅಮ್ಮ ಆ ಬಾಗಿಲಿನ ಎದುರು ನಿಂತು, ಸೊಂಟ ಮುರಿಯುವಷ್ಟು ಬಾಗಿದಳು. ಅಕ್ಷರಗಳಿಗೆ ಬಾಗಿದಳು. ಇಸಾವೊನಿಗೆ ಆಗಲೂ ನಾಚಿಕೆಯೇ ಆಯಿತು. ಆದರೆ ಸವಾರರ ಶಾಲೆಗೆ ಸೇರುತ್ತೇನೆ ಎಂದು ಅವನು ಅಂದದ್ದು ಅದೇ ವಾರ.

ಓಟದ ಬಗ್ಗೆ ಮಾತು ಬಂದಾಗ ಹಳೆಯ ಸವಾರರು ಮುಂದಿರುವವನನ್ನೇ ಹೊಗಳುತ್ತಾರೆ, ಗಾಳಿಯನ್ನೆಲ್ಲ ಎದೆಗೆ ತೆಗೆದುಕೊಳ್ಳುವವನು ಅವನು. ಹಿಂದಿನವನು ಆ ಆಸರೆಯಲ್ಲಿ ಹಗುರಾಗಿ ಬರುತ್ತಾನೆ. ಅದಕ್ಕೆ ಪ್ರತಿಯಾಗಿ ಅವನಿಗೊಂದು ಕೆಲಸವಿದೆ: ಹೊರಗಿನಿಂದ ನುಗ್ಗಿ ಬರುವವನನ್ನು ಹೆಗಲು ಕೊಟ್ಟು ತಡೆಯಬೇಕು. ಕೊನೆಯ ನೇರ ದಾರಿಯಲ್ಲಿ ಮಾತ್ರ ತನ್ನ ಪಾಲಿಗೆ ತಾನು ಓಡಬಹುದು. ಇಸಾವೊ ಬಹುಕಾಲದಿಂದ ಎರಡನೆಯವನು. ಮುಂದೆ ಹೋಗುವ ಕಾಲುಗಳು ಹೋದ ಮೇಲೆ ಹೆಗಲಿನಿಂದ ಬದುಕಿದವನು. ಬೇರೆಯವರ ಗಾಳಿಯ ಮರೆಯಲ್ಲಿ ಬದುಕುವುದು ಒಂದು ಬದುಕೇ ಎಂದು ಅವನು ಒಮ್ಮೊಮ್ಮೆ ಕೇಳಿಕೊಂಡದ್ದುಂಟು. ಉತ್ತರ ಸಿಕ್ಕಿರಲಿಲ್ಲ, ಸಂಬಳ ಮಾತ್ರ ಸಿಗುತ್ತಿತ್ತು. ಅದರಲ್ಲಿ ಅಮ್ಮನ ಕೊನೆಗಾಲ ಕಳೆಯಿತು, ಅಣ್ಣನ ಕೋಣೆಗೆ ಅಗಲದ ಬಾಗಿಲು ಬಂತು.

ಓಟಕ್ಕೆ ಮೊದಲು ಸವಾರರು ಜನರ ಎದುರು ಒಂದು ಸುತ್ತು ನಿಧಾನವಾಗಿ ಹೋಗಿ ಕಾಲು ತೋರಿಸುವ ಪದ್ಧತಿ. ಪತ್ರಿಕೆಯಲ್ಲಿ ಹೇಳಿದ ಸಾಲಿನಲ್ಲೇ ಹೋಗಬೇಕು, ಜನ ನೋಡಿ ತಮ್ಮ ಚೀಟಿ ತೀರ್ಮಾನ ಮಾಡಿಕೊಳ್ಳಲಿ ಎಂದು. ಹಳದಿ ಅಂಗಿ ತೊಟ್ಟು ಇಸಾವೊ ಬಿಳಿ ಅಂಗಿಯ ಇನುಯಿಯ ಹಿಂದೆ ಬಂದ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿ ಮೀನಿನ ಕಟ್ಲೆಟ್ ಕರಿಯುವ ವಾಸನೆ. ತಂತಿಬಲೆಯ ಆಚೆ ಎಂದಿನ ಜಾಗದಲ್ಲಿ, ಒಂದು ರೇಸನ್ನೂ ತಪ್ಪಿಸದ ಹತ್ಸುಯೆ ಎಂಬ ಅಜ್ಜಿ ನಿಂತಿದ್ದಾಳೆಂದು ನೋಡದೆಯೇ ಗೊತ್ತಾಯಿತು.

"ಒರಿನೋ! ಅದು ಕಾಲೇನೋ, ಮೂಲಂಗಿಯೇನೋ? ಮೂಲಂಗಿ ಆಗಿದ್ರೆ ಬೇಯಿಸ್ಕೊಂಡಾದ್ರೂ ತಿನ್ಬಹುದಿತ್ತು!"

ಸುತ್ತಲಿದ್ದವರು ಹೋ ಎಂದರು. ಇದು ಎಂದಿನದ್ದೇ. ಅಜ್ಜಿ ಅವನ ಮೇಲೆ ಹಣ ಕಟ್ಟುವ ದಿನ ಹೆಚ್ಚು ಬಯ್ಯುತ್ತಾಳೆ. ಅವನ ನಾಚಿಕೆ ಎಂದೋ ಸವೆದುಹೋಗಿತ್ತು. ಆದರೆ ಆ ನಗೆಯ ನಡುವಿನಿಂದ ಇನ್ನೊಂದು ದನಿ ಬಂತು. ಎಳೆದೆಳೆದು, ಅಕ್ಷರಗಳನ್ನು ಒಂದೊಂದಾಗಿ ನೆಲದಿಂದ ಎತ್ತಿದ ಹಾಗೆ.

"ಇ... ಸಾ!"

ಅಣ್ಣ. ಆ ದನಿ ಇಲ್ಲಿ ಬರಬಾರದಾಗಿತ್ತು. ರೇಸಿಗೆ ಕರೆದುಕೊಂಡು ಹೋಗು ಎಂದು ಅಣ್ಣ ಕೇಳಿದಾಗಲೆಲ್ಲ, ಅಲ್ಲಿ ಮೆಟ್ಟಿಲಿದೆ, ಜನಜಂಗುಳಿ, ಶೌಚಾಲಯ ಸರಿಯಿಲ್ಲ ಎಂದು ಸುಳ್ಳು ಹೇಳಿದವನು ಅವನು. ಮೆಟ್ಟಿಲೇನೂ ಅಡ್ಡಿಯಾಗಿರಲಿಲ್ಲ. ಜನ ತನ್ನನ್ನು ಬಯ್ಯುವುದನ್ನು ಅಣ್ಣ ಕೇಳಬಾರದಿತ್ತು. ಅದೂ ಪೂರ್ತಿ ನಿಜವಲ್ಲ. ಬಸ್ಸಿನಲ್ಲಿ ಗಾಲಿಕುರ್ಚಿಯನ್ನು ತನ್ನದಲ್ಲವೆಂಬಂತೆ ಹಿಡಿದ ಹುಡುಗ ಇನ್ನೂ ಒಳಗೆಲ್ಲೋ ನಿಂತಿದ್ದ.

ಅವನು ನೋಡಲಿಲ್ಲ. ನೋಡುವ ಹಾಗಿಲ್ಲ. ಜನರ ಕಡೆ ಒಂದು ತಲೆಯಾಟ, ಒಂದು ಬೆರಳು, ಯಾವುದೂ ಸನ್ನೆಯಾಗಿಬಿಡುತ್ತದೆ. ಯಾರಿಗೆ, ಏಕೆ ಎಂದು ಕೇಳುತ್ತಾರೆ. ಬಯ್ಯುವವರ ಎದುರೂ ಹೊಗಳುವವರ ಎದುರೂ ಕಲ್ಲಿನ ಮುಖ. ಇಷ್ಟು ವರ್ಷ ಆ ನಿಯಮದ ಮರೆಯಲ್ಲಿ ಅವನು ಸುಖವಾಗಿಯೇ ಇದ್ದ. ಇವತ್ತು ಕತ್ತಿನ ನರಗಳು ಆ ಕಡೆಗೆ ಎಳೆಯುತ್ತಿದ್ದವು. ಇನುಯಿಯ ಹಿಂದಿನ ಚಕ್ರದ ಮೇಲೆ ಕಣ್ಣು ನೆಟ್ಟು ಅವನು ಅಣ್ಣನ ಎದುರಿನಿಂದ ಹಾದುಹೋದ, ಬಸ್ಸಿನಲ್ಲಿ ಅವನ ಕುರ್ಚಿ ತನ್ನದಲ್ಲವೆಂಬಂತೆ ನಿಂತ ಹಾಗೆಯೇ. ಹಿಂದಿನಿಂದ ಅಜ್ಜಿಯ ಮಾತು ಕೇಳಿಸಿತು: "ನಿನಗೇನಾಗಬೇಕಪ್ಪ ಆ ಮೂಲಂಗಿ?" ಉತ್ತರ ಬರುವಷ್ಟರಲ್ಲಿ ತಿರುವು ಬಂದಿತ್ತು.

ಓಟದ ಮೊದಲ ಸುತ್ತುಗಳು ಮೌನ ಮೆರವಣಿಗೆಯ ಹಾಗೆ. ಮುಂದೆ ದಾರಿ ತೋರಿಸುವವನು, ಅವನ ಹಿಂದೆ ಸಾಲುಗಳು. ಚಕ್ರ ಚಕ್ರಕ್ಕೆ ತಾಗುವಷ್ಟು ಹತ್ತಿರ. ಇಸಾವೊನಿಗೆ ವಿಚಿತ್ರ ನೆಮ್ಮದಿಯಾಯಿತು. ಇಲ್ಲಿ ಯೋಚಿಸಲು ಜಾಗವಿಲ್ಲ ಎಂದುಕೊಂಡ, ಹಾಗೆ ಅಂದುಕೊಂಡ ಕೂಡಲೇ ಯೋಚನೆ ಬಂತು. ಅಣ್ಣ ಚೀಟಿ ಕೊಂಡಿರಬಹುದೇ? ಕೆಲಸದ ಮನೆಯಲ್ಲಿ ಕಟ್ಲೆಟ್ಟಿನ ಪೆಟ್ಟಿಗೆ ಮಡಿಸಿ ಸಿಗುವ ಅವನ ದುಡ್ಡು. ದಾರಿ ತೋರಿಸುವವನು ಸರಿದುಹೋದ. ಕೊನೆಯ ಸುತ್ತು ಬಂತೆಂದು ಹೇಳುವ ಗಂಟೆ ಹೊಡೆಯಲು ಶುರುವಾಯಿತು, ನಿಧಾನಕ್ಕೆ, ಆಮೇಲೆ ಅವಸರವಾಗಿ, ಬೆಂಕಿ ಬಿದ್ದ ಊರಿನ ಹಾಗೆ. ಇನುಯಿ ಎದ್ದು ತುಳಿದ. ಹುಡುಗ ಮಾತು ಕೇಳಿದ್ದ. ಯಾರಿಗಾಗಿಯೂ ಕಾಯದೆ, ಹುಚ್ಚನ ಹಾಗೆ ಗೆಲ್ಲಲು ಹೊರಟಿದ್ದ. ಇಸಾವೊನ ತೊಡೆಗಳು ಸುಟ್ಟವು, ಆದರೂ ಅಂತರ ಬಿಡಲಿಲ್ಲ. ಗಾಳಿಯಿಲ್ಲದ ಆ ಸಣ್ಣ ಗೂಡಿನಲ್ಲಿ, ಇನ್ನೊಬ್ಬನ ಬೆನ್ನಿನ ಹಿಂದೆ, ಬದುಕು ಇನ್ನೂ ಇತ್ತು.

ಹಿಂಬದಿಯ ನೇರ ದಾರಿಯಲ್ಲಿ ಸಮುದ್ರದ ಗಾಳಿ ಎದುರಾಯಿತು. ಬಲಗಣ್ಣಿನ ಅಂಚಿನಲ್ಲಿ ಕೆಂಪು ಕಂಡಿತು. ಕುಮಾಮೊತೊದ ಹುಡುಗ, ಬೇರೆ ಸಾಲಿನವನು, ಒಬ್ಬನೇ ಬರುತ್ತಿದ್ದ, ಅವನ ಹಿಂದಿನವರು ಆ ವೇಗಕ್ಕೆ ಆಗಲೇ ಕಳಚಿಕೊಂಡಿದ್ದರು. ಇಸಾವೊನಿಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಕೆಂಪು ಅಂಗಿಯನ್ನು ಹೋಗಲು ಬಿಟ್ಟು, ಅವನ ಹಿಂದಿನ ಖಾಲಿ ಜಾಗಕ್ಕೆ ಸರಿದರೆ ಸಾಕು. ಅವನು ಇನುಯಿಯನ್ನು ದಾಟುತ್ತಾನೆ, ಅವನ ಬೆನ್ನಿನಲ್ಲಿ ತಾನೂ ದಾಟುತ್ತೇನೆ. ಎರಡನೆಯವನು. ಕಾನೂನು ಅದನ್ನು ತಪ್ಪು ಎನ್ನುವುದಿಲ್ಲ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ತಡೆದರೆ ಇನುಯಿ ಉಳಿಯುತ್ತಾನೆ, ತಡೆದವನ ವೇಗ ಸಾಯುತ್ತದೆ. ಈ ಕಾಲುಗಳಿಗೆ ಎರಡನೆಯ ಸಲ ವೇಗ ಹುಟ್ಟುವುದಿಲ್ಲ. ಅರ್ಧ ಉಸಿರಿನಷ್ಟು ಹೊತ್ತು. ಆ ಅರ್ಧ ಉಸಿರಿನಲ್ಲಿ ಅವನು ಏನನ್ನು ಆರಿಸಿದ ಎಂದು ಅವನಿಗೇ ತಿಳಿಯುವ ಮೊದಲು ಅವನ ಹೆಗಲು ಹೊರಗೆ ಹೋಗಿತ್ತು. ಮೂಳೆಗೆ ಮೂಳೆ ತಾಗಿದ ಸದ್ದು. ಕೆಂಪು ಅಂಗಿ ಓಲಾಡಿ ಮೇಲಿನ ಇಳಿಜಾರಿಗೆ ಸರಿಯಿತು. ಅಲ್ಲಿಯೇ ಅವನ ವೇಗ ನಿಂತುಹೋಯಿತು. ಇಸಾವೊನದೂ ನಿಂತುಹೋಯಿತು. ಗೂಡು ಒಡೆದು ಗಾಳಿಯೆಲ್ಲ ಎದೆಗೆ ಬಡಿಯಿತು. ಒಳಗಿನಿಂದ ಕುಸುನೊಸೆ ಜಾರಿಹೋದ, ಹೋಗುವಾಗ ಏನೋ ಕಿರುಚಿದ. ಕೊನೆಯ ನೇರ ದಾರಿಯಲ್ಲಿ ಇನ್ಯಾರೋ ದಾಟಿದರು. ಇನುಯಿ ಗೆದ್ದ. ಇಸಾವೊ ನಾಲ್ಕನೆಯವನಾಗಿ ಬಂದ.

ಅಷ್ಟಕ್ಕೇ ಮುಗಿಯಲಿಲ್ಲ. ಅವನ ತಡೆ ನಿಯಮ ಮೀರಿತೇ ಎಂದು ಪರಿಶೀಲನೆ ನಡೆಯುತ್ತಿದೆ, ಚೀಟಿಗಳನ್ನು ಎಸೆಯಬೇಡಿ ಎಂದು ಧ್ವನಿವರ್ಧಕ ಹೇಳಿತು. ಒಳಗೆ ಬೆಂಚಿನ ಮೇಲೆ ಕೂತು ಇಸಾವೊ ಶಿರಸ್ತ್ರಾಣದ ಪಟ್ಟಿ ಬಿಚ್ಚಿದ. ಕೆಲಸ ಹೋಯಿತು ಎಂಬುದು ಗೊತ್ತೇ ಇತ್ತು. ಆದರೆ ಕೊನೆಯ ಓಟದಲ್ಲಿ ತಪ್ಪು ಮಾಡಿ ಹೊರಬಿದ್ದವನು ಎಂದಾಗುವುದು ಬೇರೆ. ಅಣ್ಣ ಅದನ್ನು ಧ್ವನಿವರ್ಧಕದಲ್ಲಿ ಕೇಳುತ್ತಾನೆ. ಇನುಯಿ ಬಂದು ಎದುರು ನಿಂತು ಬಾಗಿದ, ಬಾಗಿದವನು ಏಳಲಿಲ್ಲ. "ಏಳೋ ಮಾರಾಯ," ಎಂದ ಇಸಾವೊ, "ಬೆನ್ನು ಹಿಡ್ಕೊಂಡ್ರೆ ನಾಳೆ ಯಾರು ಗಾಳಿ ತಿಂತಾರೆ?" ಹುಡುಗ ಅಳುತ್ತಿದ್ದ. ಆಮೇಲೆ ಧ್ವನಿವರ್ಧಕ ಹೇಳಿತು: ತಪ್ಪಿಲ್ಲ, ಬಂದ ಕ್ರಮವೇ ಸರಿ.

ಓಟದ ಅಂಗಳ ಬಿಡುವಾಗ ಎಲ್ಲ ಸವಾರರೂ ಬಾಗುತ್ತಾರೆ. ಇಸಾವೊ ಮತ್ತೆ ಬಾಗಿಲ ತನಕ ಬಂದು ಬಾಗಿದ. ಸುಮ್ಮನೆ ಅಭ್ಯಾಸದಿಂದ ಬಾಗಿದವನಿಗೆ ಏಳಲು ಆಗಲಿಲ್ಲ. ಆಚೆ ಹರಿದ ಚೀಟಿಗಳು ಗಾಳಿಗೆ ಹಾರುತ್ತಿದ್ದವು. ಸೋತವರು, ಬಯ್ದವರು, ಸಂಸಾರದಲ್ಲಿ ಬೈಸಿಕೊಂಡು ಬಂದವರು, ಬಂದರಿನ ಕೂಲಿಯವರು, ಮೀನಿನ ಕಾರ್ಖಾನೆಯಿಂದ ನಿವೃತ್ತರಾದ ಹೆಂಗಸರು. ಇವರು ಯಾರೂ ಒಳ್ಳೆಯದು ಮಾಡಲೆಂದು ಬಂದವರಲ್ಲ. ಗೆಲ್ಲಲು ಬಂದು, ಸೋತು, ತಮಗೆ ಗೊತ್ತಿಲ್ಲದೆ ಅಮ್ಮನ ಬೆನ್ನಿನ ಮೇಲಿಂದ ಅಣ್ಣನನ್ನು ಇಳಿಸಿದವರು. ಅವರಲ್ಲಿ ಕೆಲವರ ಮನೆಯಲ್ಲಿ ಇದೇ ಚೀಟಿಯಿಂದ ಕಣ್ಣೀರೂ ಬಂದಿರಬಹುದು; ಅದನ್ನು ಮರೆತು ಬಾಗಿದರೆ ಸುಳ್ಳಾಗುತ್ತದೆ ಎಂದು ಅವನಿಗೆ ಅನ್ನಿಸಿತು, ನೆನೆದುಕೊಂಡೇ ಬಾಗಿದ. ತಂತಿಬಲೆಯ ಕಡೆಯಿಂದ ಆ ಮುದಿ ದನಿ ಕೇಳಿತು:

"ಒರಿನೋ! ಇವತ್ತು ಬಯ್ಯೋಕೆ ಒಂದೂ ಸಿಕ್ತಿಲ್ವಲ್ಲೋ, ಹಾಳಾದವನೇ!"

ಈಗಲೂ ಅವನು ಆ ಕಡೆ ನೋಡಲಿಲ್ಲ.

ಫೋನು ವಾಪಸು ಪಡೆದು, ಸೈಕಲ್ಲಿನ ಚೀಲ ಹೆಗಲಿಗೇರಿಸಿ ಹೊರಗೆ ಬಂದಾಗ ನಾನು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಅವನು ಮೊದಲು ನನ್ನನ್ನೇ ನೋಡಿದ, ನನಗೆ ನೆಲ ಬಿರಿಯಬಾರದೇ ಎನಿಸಿತು. "ನಾನು ಕರ್ಕೊಂಡು ಬರ್ಬಾರದಿತ್ತೇನೋ," ಎಂದೆ. "ತಾಮೊತ್ಸು ಸಾನ್ ಹಟ ಹಿಡಿದ್ರು. ಗಾಡಿ ಕೊಟ್ಟವ್ರಿಗೆ ಒಂದ್ಸಲನಾದ್ರೂ ಮುಖ ತೋರಿಸ್ಬೇಡ್ವಾ ಅಂದ್ರು."

ತಾಮೊತ್ಸು ಗಾಲಿಕುರ್ಚಿಯಲ್ಲಿ ಕೂತು ಅಜ್ಜಿ ಕೊಡಿಸಿದ ಮೀನಿನ ಕಟ್ಲೆಟ್ ತಿನ್ನುತ್ತಿದ್ದ. ಗಲ್ಲಕ್ಕೆಲ್ಲ ಎಣ್ಣೆ.

"ಅಣ್ಣಾ," ಎಂದ ಇಸಾವೊ. ಹೆಗಲಿನ ಚೀಲವನ್ನು ನೆಲಕ್ಕಿಳಿಸಿದ. "ಅಲ್ಲಿ ನಿನ್ನ ಕಡೆ ನೋಡ್ಲಿಲ್ಲ ನಾನು."

"ನೋಡಿದ್ರೆ... ಹೊಡೀತಿದ್ದೆ. ದುಡ್ಡು... ಕಟ್ಟಿದ್ದೆ."

"ಯಾರ ಮೇಲೆ?"

"ಬಿಳಿ... ಹಳದಿ. ಪತ್ರಿಕೇಲಿ... ಇದ್ದ ಹಾಗೆ."

"ಹೋಯ್ತಲ್ಲ ಹಾಗಾದ್ರೆ. ನನ್ನಿಂದ."

ತಾಮೊತ್ಸು ಬಾಯಲ್ಲಿದ್ದದ್ದನ್ನು ನುಂಗಿ, ಬಾಗಿದ ಕೈಯಿಂದ ಗಾಡಿಯ ಚಕ್ರ ತೋರಿಸಿದ. "ಎಲ್ಲಿಗೆ... ಹೋಗುತ್ತೆ? ಒಂದು ನಟ್ಟು... ನಂದು ಈಗ."

ನಕ್ಕದ್ದು ಮೊದಲು ಯಾರು ಎಂದು ನೆನಪಿಲ್ಲ. ಇಸಾವೊ ನಗುತ್ತ ನಗುತ್ತ ಮುಖ ಮುಚ್ಚಿಕೊಂಡ. ಆಮೇಲೆ, ನಾನು ಗುಂಡಿ ಒತ್ತಿ ಹಲಗೆ ಇಳಿಸುವ ಮೊದಲೇ, ಅಣ್ಣನ ಕುರ್ಚಿಯ ಹಿಡಿಗಳನ್ನು ಎರಡೂ ಕೈಯಲ್ಲಿ ಹಿಡಿದ. ಹೊರಗೆ ಬರುತ್ತಿದ್ದ ಜನ ನೋಡುತ್ತಿದ್ದರು, ಕೆಲವರು ಗುರುತು ಹಿಡಿದರು, ಒಬ್ಬ "ಏ ಒರಿನೊ" ಎಂದೂ ಕೂಗಿದ. ಅವನು ಹಿಡಿ ಬಿಡದೆ ಅವರ ಕಡೆ ತಿರುಗಿ ತಲೆಯಾಡಿಸಿದ.

ಇಷ್ಟು ನನಗೆ ಗೊತ್ತಿರುವುದು. ಈಗ ಅವನು ಸವಾರನಲ್ಲ. ಗಾಡಿಯಲ್ಲಿ ನನ್ನ ಪಕ್ಕ ಕೂತು ಜನರನ್ನು ಹತ್ತಿಸಿ ಇಳಿಸುತ್ತಾನೆ, ಬ್ರೇಕ್ ಹಾಕಿದಾಗಲೆಲ್ಲ ತಮಾಷೆ ಮಾಡುತ್ತಾನೆ. ಆ ಅರ್ಧ ಉಸಿರಿನಲ್ಲಿ ಹೆಗಲು ಏಕೆ ಹೋಯಿತು ಎಂದು ನಾನು ಕೇಳಿದ್ದೇನೆ. ಒಂದು ಸಲ, ಹುಡುಗನಿಗೆ ಮಾತು ಕೊಟ್ಟಿದ್ದೆ ಎಂದ. ಇನ್ನೊಂದು ಸಲ, ಯೋಚಿಸಲಿಲ್ಲ, ಅಭ್ಯಾಸ ಅಷ್ಟೇ ಎಂದ. ಮತ್ತೊಮ್ಮೆ, ಗಾಳಿ ಜೋರಿತ್ತು ಎಂದು ಮಾತು ಮುಗಿಸಿದ. ಅಣ್ಣ ಕೂಗಿದ ದನಿ ಆಗ ಅವನ ಕಿವಿಯಲ್ಲಿ ಇತ್ತೋ ಇಲ್ಲವೋ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವತ್ತು ನಾನು ಗಾಡಿಯನ್ನು ಆ ಕಡೆ ತಿರುಗಿಸದೆ ಇದ್ದಿದ್ದರೆ ಅವನು ಕೆಂಪು ಅಂಗಿಯ ಹಿಂದೆ ಹೋಗುತ್ತಿದ್ದನೇ, ಇವತ್ತೂ ಓಡುತ್ತಿದ್ದನೇ, ಓಡುತ್ತಿದ್ದರೆ ಅವನಿಗೆ ಅದು ಇದಕ್ಕಿಂತ ಒಳ್ಳೆಯದಾಗುತ್ತಿತ್ತೇ, ನನಗೆ ಗೊತ್ತಿಲ್ಲ.